ಒಂದು ಮಂಗಳವಾರ ಎರಡು ಸಲ, ಒಂದು ಶುಕ್ರವಾರ ಇಲ್ವೇ ಇಲ್ಲ

ಹೊರಡೋಕೆ ಮುಂಚೆ, ಮೈಸೂರು

ಟಿಕೆಟ್ ಬುಕ್ ಆದ ದಿನಾನೇ ಅಪ್ಪ ಅಟ್ಟದಿಂದ ಹಳೇ ಗ್ಲೋಬ್ ಇಳಿಸಿದ್ರು. ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರು ಅವ್ರು, ಗ್ಲೋಬೂ ಅದೇ ಕಾಲದ್ದು, ಅದ್ರಲ್ಲಿ ಸೋವಿಯತ್ ಯೂನಿಯನ್ ಇನ್ನೂ ಒಂದೇ ಬಣ್ಣದಲ್ಲಿದೆ. ಅಮ್ಮನ ಹೂ ಕಟ್ಟೋ ದಾರ ಕಿತ್ಕೊಂಡು ಒಂದು ತುದಿ ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋಗೆ ಎಳೆದು ಬಿಗಿ ಮಾಡಿದ್ರು. ನಾನು ಅಂದ್ಕೊಂಡಿದ್ದು ದಾರ ಜಪಾನ್ ಮೇಲೆ ಹೋಗಿ ಪೆಸಿಫಿಕ್ ದಾಟುತ್ತೆ ಅಂತ, ಅದು ಸೀದಾ ಮೇಲಕ್ಕೆ ಜಾರಿ ಟಿಬೆಟ್, ಮಂಗೋಲಿಯಾ, ಸೈಬೀರಿಯಾದ ಉತ್ತರ ಕರಾವಳಿ ಎಲ್ಲ ಮುಟ್ಟಿ ಅಲಾಸ್ಕಾ ಮೇಲಿಂದ ಕೆಳಕ್ಕೆ ಬಂದು ಕೂತ್ಕೊಂತು. "ನೋಡ್ದಾ, ಗೋಡೆ ಮೇಲಿನ ಮ್ಯಾಪಲ್ಲಿ ಗೆರೆ ಎಳೆದ್ರೆ ಮೋಸ ಹೋಗ್ತೀಯ, ಭೂಮಿ ಚಪ್ಪಟೆ ಅಲ್ಲ ಕಣಪ್ಪ" ಅಂದ್ರು, ನಾನೇನೋ ಚಪ್ಪಟೆ ಅಂತ ವಾದ ಮಾಡಿದವನ ಥರ.

ದಾರ 33 ಸೆಂಟಿಮೀಟರ್. ಗ್ಲೋಬಿನ ಸೊಂಟದ ಸುತ್ತಳತೆ 95. ಭೂಮಿ ಸುತ್ತಳತೆ 40,000 ಕಿಲೋಮೀಟರ್ ಅಂತ ಇಟ್ಕೊಂಡು ಭಾಗಾಕಾರ ಮಾಡಿ 13,895 ಅಂತ ನೋಟ್ ಬುಕ್ಕಲ್ಲಿ ಬರೆದ್ರು. ಎರಡೂ ಏರ್ಪೋರ್ಟಿನ ಅಕ್ಷಾಂಶ ರೇಖಾಂಶ ಹಾಕಿ ಕಂಪ್ಯೂಟರಲ್ಲಿ ಲೆಕ್ಕ ಮಾಡಿದ್ರೆ ಬರೋದು ಸುಮಾರು 13,990. ಅಂದ್ರೆ ಹೂವಿನ ದಾರದ ತಪ್ಪು ಬರೀ 95 ಕಿಲೋಮೀಟರ್, ಇಲ್ಲಿಂದ ರಾಮನಗರದಷ್ಟು. ಅಪ್ಪನ ಮುಖ ನೋಡ್ಬೇಕಿತ್ತು ಅವತ್ತು.

ಅಕ್ಕ ಸ್ಯಾನ್ ಫ್ರಾನ್ಸಿಸ್ಕೋ ಹತ್ರದ ಫ್ರೀಮಾಂಟಿಗೆ ಹೋಗಿ ಹದಿನಾಲ್ಕು ವರ್ಷ ಆಯ್ತು, ಅಪ್ಪ ಅಮ್ಮ ಒಂದ್ಸಲಾನೂ ಹೋಗಿರ್ಲಿಲ್ಲ. ಮುಂಚೆ ಎಲ್ಲಾದ್ರೂ ಇಳಿದು ಹತ್ತಬೇಕಿತ್ತು, ಫ್ರಾಂಕ್‌ಫರ್ಟೋ ದುಬೈಯೋ ಹಾಂಗ್‌ಕಾಂಗೋ, ಅಮ್ಮಂಗೆ ಅದೇ ಭಯ, ಗೇಟ್ ತಪ್ಪಿಸ್ಕೊಂಡ್ರೆ ಯಾವ ಭಾಷೇಲಿ ಕೇಳೋದು ಅಂತ. 2021ರ ಜನವರೀಲಿ ಏರ್ ಇಂಡಿಯಾ ಬೆಂಗಳೂರಿಗೆ ಡೈರೆಕ್ಟ್ ಶುರು ಮಾಡ್ತಲ್ಲ, ಕ್ಯಾಪ್ಟನ್ ಝೋಯಾ ಅಗರ್ವಾಲ್ ಮತ್ತೆ ಅವರ ಜೊತೆ ಕಾಕ್‌ಪಿಟ್ಟಲ್ಲಿ ಬರೀ ಹೆಣ್ಮಕ್ಕಳು, ಉತ್ತರ ಧ್ರುವದ ಮೇಲೆ ಹಾರ್ಸಿಕೊಂಡು ಬಂದಿದ್ದು, ಆ ಸುದ್ದಿ ಪೇಪರಿಂದ ಕತ್ತರಿಸಿ ಅಪ್ಪ ನೋಟ್ ಬುಕ್ಕಿಗೆ ಅಂಟಿಸಿಟ್ಟಿದ್ರು. ಹೋಗೋದಾದ್ರೆ ಅದ್ರಲ್ಲೇ ಅಂತ ಹಟ. 2024ರ ದೀಪಾವಳಿಗೆ ಕೂಡಿ ಬಂತು.

ಮಂಗಳವಾರ, ಅಕ್ಟೋಬರ್ 29

ಬೆಳಗ್ಗೆ 5ಕ್ಕೆ ಮನೆ ಬಿಟ್ವಿ. ಫ್ಲೈಬಸ್. ಎಕ್ಸ್‌ಪ್ರೆಸ್‌ವೇಲಿ ಬಸ್ ಹಾರ್ಕೊಂಡೇ ಹೋಯ್ತು, ಬೆಂಗಳೂರು ಒಳಗೆ ಬಂದ ಮೇಲೆ ಗೊತ್ತಲ್ಲ, ಹೆಬ್ಬಾಳದಲ್ಲಿ ಅಪ್ಪ ವಾಚ್ ನೋಡಿ ಲೆಕ್ಕ ಹಾಕಿ ಸರಾಸರಿ ಗಂಟೆಗೆ 40 ಕಿಲೋಮೀಟರ್ ಅಂದ್ರು. ವಾಚು ಎಚ್‌ಎಂಟಿ, ಕೀಲಿ ಕೊಡೋದು, ಅವರ ಮದುವೆಗೆ ನಮ್ಮ ತಾತ ಕೊಟ್ಟಿದ್ದು. ಒಂದು ಶರತ್ತು ಹಾಕಿದ್ರು, ಈ ವಾಚಿನ ಟೈಮ್ ಯಾರೂ ಮುಟ್ಟಂಗಿಲ್ಲ, ಅದು ಮೈಸೂರಲ್ಲೇ ಇರುತ್ತೆ ಅಂತ.

ಟರ್ಮಿನಲ್ 2 ಬಗ್ಗೆ ಜಾಸ್ತಿ ಬರೆಯಲ್ಲ, ಬಿದಿರು, ನೇತಾಡೋ ಗಿಡ, ಅಮ್ಮ "ಮದುವೆ ಛತ್ರ ಚೆನ್ನಾಗಿ ಅಲಂಕಾರ ಮಾಡಿದಾರೆ" ಅಂದ್ಲು ಅಷ್ಟೇ. ಆದ್ರೆ ನಮ್ಮ ಗೇಟ್ ಹತ್ರ ಕೂತಿದ್ದ ಜನರ ಬಗ್ಗೆ ಬರೀಲೇಬೇಕು. ಅರ್ಧಕ್ಕರ್ಧ ನಮ್ಮಪ್ಪ ಅಮ್ಮನ ವಯಸ್ಸಿನವರೇ. ಮಗಳ ಬಾಣಂತನಕ್ಕೆ ಹೋಗ್ತಿರೋರು, ಮಗನ ಗೃಹಪ್ರವೇಶಕ್ಕೆ ಹೋಗ್ತಿರೋರು, ಆರು ತಿಂಗಳು ಮೊಮ್ಮಕ್ಕಳನ್ನ ನೋಡ್ಕೊಳ್ಳೋಕೆ ಹೋಗ್ತಿರೋರು, ಸೀರೆ ಮೇಲೆ ಸ್ವೆಟರು, ಕಾಲಿಗೆ ಹೊಸಾ ಬಿಳೀ ಸ್ಪೋರ್ಟ್ಸ್ ಶೂ. ಹತ್ತು ನಿಮಿಷದಲ್ಲಿ ಅಮ್ಮಂಗೆ ಮೂರು ಜನ ಫ್ರೆಂಡ್ಸು. "ನಿಮ್ಮೋರು ಎಲ್ಲಿರೋದು?" "ಸನ್ನಿವೇಲು." "ನಮ್ಮೋಳು ಫ್ರೀಮಾಂಟು." ಅರಸೀಕೆರೆ, ತಿಪಟೂರು ಅನ್ನೋ ಹಾಗೆ.

ವಿಮಾನ ಬೋಯಿಂಗ್ 777-200 ಎಲ್‌ಆರ್. ಎಲ್‌ಆರ್ ಅಂದ್ರೆ ದೂರ ಹಾರೋದಕ್ಕೆ ಅಂತಾನೇ ಮಾಡಿರೋದು, 2005ರಲ್ಲಿ ಇದೇ ಮಾಡೆಲ್ ಹಾಂಗ್‌ಕಾಂಗಿಂದ ಪೂರ್ವಕ್ಕೆ ಹೊರಟು ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್ ಎಲ್ಲ ದಾಟಿ ಲಂಡನ್ನಿಗೆ 21,602 ಕಿಲೋಮೀಟರ್ ಎಲ್ಲೂ ಇಳೀದೆ ಹೋಗಿ ರೆಕಾರ್ಡ್ ಮಾಡಿತ್ತು, 22 ಗಂಟೆ 42 ನಿಮಿಷ. ಟ್ಯಾಂಕ್ ತುಂಬ ಹಾಕಿದ್ರೆ 1,80,000 ಲೀಟರಿಗೂ ಮೇಲೆ ಇಂಧನ. ನಾನು ಇದನ್ನ ಹೇಳಿದ ತಕ್ಷಣ ಅಪ್ಪ ನಮ್ಮ ಸ್ಕೂಟರ್ ಟ್ಯಾಂಕಿಗೆ ಭಾಗಿಸೋಕೆ ಕೂತ್ರು (36,000 ಟ್ಯಾಂಕು).

ಮಧ್ಯಾಹ್ನ 2.20ಕ್ಕೆ ಮೇಲೆದ್ವಿ. ಸೀಟು ಎಡಗಡೆ ಮೂರು, ಅಮ್ಮ ಕಿಟಕಿ, ನಾನು ನಡುವೆ, ಅಪ್ಪ ಓಡಾಡೋ ಕಡೆ. ಎದುರಿನ ಪರದೆಯಲ್ಲಿ ಮ್ಯಾಪ್ ಬಂದ ಮೇಲೆ ಅಪ್ಪಂಗೆ ಮೊದಲ ಶಾಕ್. ವಿಮಾನ ಅವರ ದಾರದ ಮೇಲೆ ಹೋಗ್ತಾನೇ ಇಲ್ಲ! ಬಂಗಾಳ ಕೊಲ್ಲಿ ದಾಟಿ ಬರ್ಮಾ ಕಡೆಗೆ, ಪೂರ್ವಕ್ಕೆ ಹೋಗ್ತಿದೆ. ದಾರಕ್ಕೆ ಟಿಬೆಟ್ ಅಡ್ಡ ಬರಲ್ಲ, ವಿಮಾನಕ್ಕೆ ಬರುತ್ತೆ: ಒಳಗೆ ಗಾಳಿಯ ಒತ್ತಡ ಹೋಯ್ತು ಅಂದ್ರೆ ಪೈಲಟ್ ಬೇಗ ಸುಮಾರು 10,000 ಅಡಿಗೆ ಇಳಿಸ್ಬೇಕು, ಅಲ್ಲಿ ನೆಲಾನೇ 14-15 ಸಾವಿರ ಅಡಿ ಮೇಲಿದೆ, ಇಳಿಯೋದೆಲ್ಲಿಗೆ. ಅದಕ್ಕೆ ಆ ಕಡೆ ಸಾಮಾನ್ಯವಾಗಿ ಹೋಗಲ್ಲ.

ಇನ್ನೊಂದು ಕಾರಣ ಗಾಳಿ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆ ಥರ ಗಾಳಿ ಹರೀತಿರುತ್ತೆ, ಜೆಟ್ ಸ್ಟ್ರೀಮ್ ಅಂತಾರೆ, ಜಪಾನಿನ ಆಸುಪಾಸಲ್ಲಿ ಚಳಿಗಾಲದಲ್ಲಿ ಅದರ ಜೋರೇ ಜೋರು. ಅದರೊಳಗೆ ಸೇರ್ಕೊಂಡ್ರೆ ದಾರಿ ಉದ್ದ ಆದ್ರೂ ಬೇಗ ಹೋಗಿ ಸೇರ್ತೀವಿ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗೋ ಫ್ಲೈಟನ್ನ 2016ರಲ್ಲಿ ಅಟ್ಲಾಂಟಿಕ್ ದಾರಿ ಬಿಟ್ಟು ಪೆಸಿಫಿಕ್ ದಾರೀಲಿ ಕಳಿಸಿದಾಗ ದೂರ ಸಾವಿರ ಕಿಲೋಮೀಟರಿಗೂ ಹೆಚ್ಚಾಗಿ ಸುಮಾರು 15,300 ಆಯ್ತು, ಟೈಮ್ ಮಾತ್ರ ಕಮ್ಮಿ ಆಯ್ತು. ನಾನಿದನ್ನ ಹೇಳಿದ್ರೆ ಅಪ್ಪ ಒಪ್ಪೋಕೆ ತಯಾರಿಲ್ಲ, ಜಪಾನ್ ದಾಟೋವಾಗ ಪರದೆ ಮೇಲೆ ನೆಲದ ಲೆಕ್ಕದಲ್ಲಿ ವೇಗ ಗಂಟೆಗೆ 1,080 ಕಿಲೋಮೀಟರ್ ಅಂತ ಬಂದ ಮೇಲೆ ಸುಮ್ನಾದ್ರು. ನೋಟ್ ಬುಕ್ಕಲ್ಲಿ ಗಂಟೆಗೊಂದು ಸಾಲು: ಟೈಮು, ವೇಗ, ಎತ್ತರ, ಹೊರಗಿನ ಚಳಿ. ಮೈನಸ್ 56ಕ್ಕೆ ಎರಡು ಸಲ ಅಡ್ಡಗೆರೆ.

ಸೂರ್ಯ ಮುಳುಗಿದ್ದು ಹೊರಟು ಮೂರು ಗಂಟೆ ಒಳಗೆ. ನಾವು ಪೂರ್ವಕ್ಕೆ ಓಡ್ತಿದೀವಲ್ಲ, ರಾತ್ರಿ ನಮ್ಮ ಎದುರಿಗೆ ಬರ್ತಿದೆ, ಅದಕ್ಕೆ ಬೇಗ. ಊಟ ಕೊಟ್ರು, ಅಮ್ಮ ಅದನ್ನ ಮುಚ್ಚಿಟ್ಟು ಪುಳಿಯೋಗರೆ ಡಬ್ಬಿ ತೆಗೆದ್ಲು, ಹಿಂದಿನ ಸೀಟಿನ ತಿಪಟೂರು ಆಂಟಿಯಿಂದ ನಿಪ್ಪಟ್ಟು ಬಂತು. ದೀಪ ಆರಿಸಿದ್ರು. ಎರಡೆರಡು ಗಂಟೆಗೆ ಎಬ್ಬಿಸಿ ಇಬ್ಬರನ್ನೂ ಹಿಂದಿನ ಬಾತ್‌ರೂಮ್ ತನಕ ನಡೆಸ್ಕೊಂಡು ಬರೋದು ನನ್ನ ಡ್ಯೂಟಿ, ಕಾಲು ಊದ್ಕೊಳ್ಳುತ್ತೆ ಅಂತ ಅಕ್ಕ ಬರೆದುಕೊಟ್ಟ ಲಿಸ್ಟಲ್ಲಿ ಮೊದಲನೇದೇ ಅದು.

ಬೆಳಕು ಬಿಟ್ಟಾಗ ಕೆಳಗೆ ಸಮುದ್ರ, ಮೋಡ, ಬೇರೇನಿಲ್ಲ. ಬುಧವಾರ ಬೆಳಗಾಯ್ತು ಅಂತ ಅಮ್ಮ ಕೈ ಮುಗಿದ್ಲು. ಸ್ವಲ್ಪ ಹೊತ್ತಲ್ಲೇ ಅಪ್ಪ ನನ್ನ ತೊಡೆ ತಟ್ಟಿ "ದಾಟಿದ್ವಿ ದಾಟಿದ್ವಿ" ಅಂತ ಪಿಸುಗುಟ್ಟಿದ್ರು. ಅಂತಾರಾಷ್ಟ್ರೀಯ ದಿನರೇಖೆ. ಎಷ್ಟೋ ಬ್ಯಾಚಿಗೆ ಬೋರ್ಡ್ ಮೇಲೆ ಸುಣ್ಣದ ಕಡ್ಡೀಲಿ ಎಳೆದಿದ್ದ ಗೆರೆ, ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದ್ರು ಪಾಪ, ಏನೂ ಇಲ್ಲ, ನೀರು.

ಮತ್ತೆ ಮಂಗಳವಾರ, ಅಕ್ಟೋಬರ್ 29

ಅಂದ್ರೆ ಬುಧವಾರ ಬೆಳಗ್ಗೆ ಎದ್ದೋರು ಮತ್ತೆ ಮಂಗಳವಾರಕ್ಕೆ ಬಂದ್ವಿ. ಅಮ್ಮಂಗೆ ಇದು ಎಷ್ಟು ಹೇಳಿದ್ರೂ ತಲೆಗೆ ಹೋಗ್ಲಿಲ್ಲ, "ಹಂಗಾದ್ರೆ ಈಗ ಕೈ ಮುಗಿದಿದ್ದು ಯಾವ ದಿನದ ಲೆಕ್ಕಕ್ಕೆ" ಅಂತ ಕೇಳಿದ್ಲು. ಅಪ್ಪಂಗೂ ಉತ್ತರ ಬರ್ಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ರನ್‌ವೇ ಕೊಲ್ಲಿಯ ಅಂಚಲ್ಲಿದೆ, ಕೊನೇ ನಿಮಿಷದ ತನಕ ಕೆಳಗೆ ನೀರೇ ಕಾಣೋದು, ಅಮ್ಮ ನನ್ನ ಕೈ ಹಿಸುಕಿ ಬಳೆ ಗುರುತು ಮೂಡ್ಸಿದ್ಲು. ನೆಲ ಮುಟ್ಟಿದ್ದು ಸಂಜೆ 5.50. ಎಚ್‌ಎಂಟೀಲಿ 6.20. ಹೊರಟಿದ್ದು 2.20, ಸರಿಯಾಗಿ 16 ಗಂಟೆ. ಅಪ್ಪ ಗಂಟೆಗಂಟೆ ವೇಗ ಕೂಡಿಸಿ ನಾವು ಹಾರಿದ್ದು 15,000 ಕಿಲೋಮೀಟರಿನ ಹತ್ರ ಅಂತ ತೀರ್ಮಾನ ಮಾಡಿದ್ರು, ದಾರಕ್ಕಿಂತ ಸಾವಿರ ಜಾಸ್ತಿ.

ಇಮಿಗ್ರೇಶನ್ ಕ್ಯೂ ಒಂದೂಕಾಲು ಗಂಟೆ. ಆಮೇಲೆ ಆಫೀಸರ್ ತಿಂಡಿ ಏನಾದ್ರೂ ತಂದಿದೀರಾ ಅಂದ ತಕ್ಷಣ ಅಮ್ಮ ಸತ್ಯ ಹರಿಶ್ಚಂದ್ರನ ತಂಗಿ ಥರ ಎಲ್ಲ ಒಪ್ಪಿಸಿದ್ಲು, ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ ಬಚಾವಾಯ್ತು, ಹಿತ್ತಲಿನ ಕರಿಬೇವು ಕಸದ ಡಬ್ಬಕ್ಕೆ ಹೋಯ್ತು. ಅದರಲ್ಲಿ ಬರೋ ಹುಳದಿಂದ ಅವರ ಕಿತ್ತಳೆ ನಿಂಬೆ ತೋಟಕ್ಕೆ ರೋಗ ಬರುತ್ತಂತೆ, ಹಸೀ ಎಲೆ ಒಳಗೆ ಬಿಡಲ್ಲ. ಮೊದಲೇ ಓದ್ಕೊಂಡು ಹೋಗ್ಬೇಕಿತ್ತು, ತಪ್ಪು ನಂದೇ.

ಹೊರಗೆ ಕತ್ತಲು ಆಗೋಗಿತ್ತು, ನಾವು ಕ್ಯೂನಲ್ಲಿದ್ದಾಗಲೇ ಸೂರ್ಯ ಮುಳುಗಿದ್ದ. ಒಂದು ಮಂಗಳವಾರ, ಎರಡು ಸೂರ್ಯಾಸ್ತ, ಅಂತ ಅಪ್ಪ ಕಾರಲ್ಲಿ ಬರೆದ್ಕೊಂಡ್ರು. ಫ್ರೀಮಾಂಟ್ ಮನೆ ಬಾಗಿಲಿಗೆ ಬಂದಾಗ ರಾತ್ರಿ 8.15. ಮೈಸೂರಿನ ಮನೆ ಬೀಗ ಹಾಕಿ ಇಪ್ಪತ್ತೇಳುಮುಕ್ಕಾಲು ಗಂಟೆ. ಅದ್ರಲ್ಲಿ ಗಾಳೀಲಿದ್ದಿದ್ದು 16, ಮಿಕ್ಕ ಹನ್ನೆರಡು ಬಸ್ಸು, ಕ್ಯೂ, ಕಾಯೋದು. ಟಿಕೆಟ್ ಮಾರೋರು 16 ಅಂತ ಮಾತ್ರ ಹೇಳ್ತಾರೆ.

ಬುಧವಾರದಿಂದ ಶನಿವಾರ

ನಿದ್ದೆ. ರಾತ್ರಿ 2ಕ್ಕೆ ಎಚ್ಚರ. ಮತ್ತೆ ನಿದ್ದೆ.

ನೀರು ತುಂಬೋ ಹಬ್ಬ ಅಂದ್ರೆ ಇಲ್ಲಿ ನಲ್ಲಿ ತಿರುಗಿಸೋದು. ನರಕ ಚತುರ್ದಶಿ ಅಕ್ಟೋಬರ್ 31ಕ್ಕೆ ಬಂದಿತ್ತು, ಅವತ್ತೇ ಹ್ಯಾಲೋವೀನು, ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳ್ಕೊಂಡು ಬರೋ ದಿನ, ಅಮ್ಮ ಬಾಗಿಲಿಗೆ ದೀಪ ಇಡ್ತಿದ್ರೆ ಅಸ್ಥಿಪಂಜರದ ಬಟ್ಟೆ ಹಾಕಿದ ಮಗು ಚೀಲ ಹಿಡ್ಕೊಂಡು ಬಂದು ನಿಂತ್ಕೊಂತು. ಅಮ್ಮ ಎರಡು ಹೆಜ್ಜೆ ಹಿಂದೆ ಹೋಗಿ ಆಮೇಲೆ ಕೊಬ್ಬರಿ ಮಿಠಾಯಿ ಹಾಕಿದ್ಲು.

ಅವತ್ತು ಬೆಳಗ್ಗೆ ಇನ್ನೊಂದು ಆಯ್ತು. ಎಣ್ಣೆ ಸ್ನಾನ ಆಗಿ ಅಮ್ಮ ಹಿತ್ತಲಲ್ಲಿ ನಿಂತು ಚಾಮುಂಡಿಗೆ ಕೈ ಮುಗೀಬೇಕು, ಊರು ಯಾವ ಕಡೆ ಅಂತ ಕೇಳಿದ್ಲು. ನಾನು ಪೂರ್ವ ಅಂದೆ, ಭಾವ ಪಶ್ಚಿಮ ಅಂದ್ರು. ಅಪ್ಪ ಒಳಗಿಂದ ಬಂದು "ಇಬ್ಬರೂ ದಡ್ಡರು, ಉತ್ತರ" ಅಂದ್ರು. ದಾರ ನೆನಪು ಮಾಡ್ಕೊಳಿ: ಸ್ಯಾನ್ ಫ್ರಾನ್ಸಿಸ್ಕೋ ತುದೀಲಿ ಅದು ಅಲಾಸ್ಕಾ ಕಡೆಗೆ ಏರುತ್ತೆ, ಉತ್ತರಕ್ಕೆ ಒಂಚೂರು ಪಶ್ಚಿಮ. ಬೆಂಗಳೂರು ತುದೀಲೂ ಉತ್ತರಕ್ಕೇ ಏರುತ್ತೆ, ಒಂಚೂರು ಪೂರ್ವ. ಮೈಸೂರಿಂದ ಅಕ್ಕನ ಮನೆ ಉತ್ತರಕ್ಕೆ, ಅಕ್ಕನ ಮನೆಯಿಂದ ಮೈಸೂರೂ ಉತ್ತರಕ್ಕೆ. ಹದಿನಾಲ್ಕು ವರ್ಷದಿಂದ ಅಕ್ಕ ಪೂರ್ವಕ್ಕೆ ತಿರುಗಿ ಕೈ ಮುಗೀತಿದ್ಲಂತೆ.

ಭಾನುವಾರ, ನವೆಂಬರ್ 3

ಎಚ್‌ಎಂಟಿ ವಾಚಿನ ವಿಷಯ ಹೇಳ್ಬೇಕು. ಅಲ್ಲಿಗೂ ಇಲ್ಲಿಗೂ ನಾವು ಬಂದಾಗ ವ್ಯತ್ಯಾಸ 12 ಗಂಟೆ 30 ನಿಮಿಷ. ಮುಳ್ಳಿನ ಗಡಿಯಾರದಲ್ಲಿ 12 ಗಂಟೆ ಅಂದ್ರೆ ಒಂದು ಪೂರ್ತಿ ಸುತ್ತು, ಲೆಕ್ಕಕ್ಕೇ ಬರಲ್ಲ, ಉಳಿಯೋದು ಬರೀ ಅರ್ಧ ಗಂಟೆ. ಗೋಡೆ ಗಡಿಯಾರ 6 ಅಂದ್ರೆ ಅಪ್ಪನ ವಾಚು ಆರೂವರೆ. ಆ ಅರ್ಧ ಗಂಟೆ ಮಿರ್ಜಾಪುರದ ಹತ್ರ ಹಾದುಹೋಗೋ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದಿಂದ ಬಂದಿದ್ದು, ಹದಿನೈದು ಡಿಗ್ರಿಗೆ ಒಂದು ಗಂಟೆ, ಭಾಗಿಸಿ ನೋಡಿ ಐದೂವರೆ. ಅಪ್ಪ ಇದನ್ನ ಭಾವಂಗೆ, ಪಕ್ಕದ ಮನೆ ಪಂಜಾಬಿಗೆ, ಪೋಸ್ಟ್ ತರೋನಿಗೆ ಎಲ್ಲ ವಾಚ್ ತೋರಿಸಿ ಪಾಠ ಮಾಡಿ ಆಗಿತ್ತು.

ಭಾನುವಾರ ಎದ್ರೆ ಗೋಡೆ ಗಡಿಯಾರಕ್ಕೂ ವಾಚಿಗೂ ಒಂದೂವರೆ ಗಂಟೆ ವ್ಯತ್ಯಾಸ! ವಾಚು ಕೆಟ್ಟೋಯ್ತು ಅಂತ ಅಪ್ಪನ ಮುಖ ಸಪ್ಪೆ. ಅಮೆರಿಕದಲ್ಲಿ ನವೆಂಬರ್ ಮೊದಲನೇ ಭಾನುವಾರ ರಾತ್ರಿ 2 ಗಂಟೆಗೆ, ಬೇಸಿಗೆಗೆ ಅಂತ ಮುಂದಿಟ್ಟಿದ್ದ ಗಡಿಯಾರಾನ 1ಕ್ಕೆ ಹಿಂದಿಡ್ತಾರೆ, ಭಾವ ಮಲಗೋ ಮುಂಚೆ ಗೋಡೇದು ಸರಿ ಮಾಡಿ ಮಲಗಿದ್ರು, ಹೇಳೋದು ಮರೆತಿದ್ರು. ಮೈಕ್ರೋವೇವ್ ಗಡಿಯಾರ ಮಾತ್ರ ಹಳೇ ಟೈಮಲ್ಲೇ ಇತ್ತು. ಒಂದು ಅಡುಗೆ ಮನೇಲಿ ಮೂರು ಟೈಮು. ಊರು ಒಂದಿಂಚೂ ಕದಲಿಲ್ಲ, ಆದ್ರೂ ಹಬ್ಬದ ದಿನ ಇದ್ದಿದ್ದಕ್ಕಿಂತ ಈಗ ಒಂದು ಗಂಟೆ ದೂರ ಆಯ್ತು, 13.30. ಅಮ್ಮ ತನ್ನ ತಂಗಿಗೆ ಫೋನ್ ಮಾಡೋ ಹೊತ್ತೂ ತಪ್ಪಿ ಎರಡು ದಿನ ಆ ಕಡೆ ಚಿಕ್ಕಮ್ಮನ ನಿದ್ದೆ ಕೆಡ್ತು.

ಮುಂದಿನ ಹತ್ತು ದಿನ ಬಿಟ್ಬಿಡ್ತೀನಿ. ಸೇತುವೆ ನೋಡಿದ್ವಿ, ಲಿವರ್‌ಮೋರ್ ದೇವಸ್ಥಾನಕ್ಕೆ ಹೋದ್ವಿ, ಕಾಸ್ಟ್‌ಕೋ ನೋಡಿದ್ವಿ, ಎಲ್ಲಾರೂ ನೋಡೋದೇ.

ಗುರುವಾರ, ನವೆಂಬರ್ 14

ಹೊರಡೋ ದಿನ ಬೆಳಗ್ಗೆ ಗೊತ್ತಾಯ್ತು ನಾನು ಮಾಡಿದ್ದ ಎಡವಟ್ಟು. ಗುರುವಾರ ರಾತ್ರಿ ಹತ್ತೋದು, ಹಾಗಾಗಿ ಶುಕ್ರವಾರ ಇಳೀತೀವಿ ಅಂತ ತಲೇಲಿ ಲೆಕ್ಕ ಹಾಕಿ ಫ್ಲೈಬಸ್ಸಿಗೆ 15ನೇ ತಾರೀಖು ಸೀಟ್ ಬುಕ್ ಮಾಡಿ, ಆಫೀಸಲ್ಲೂ ಹಾಗೇ ಹೇಳಿ ಬಂದಿದ್ದೆ. ಟಿಕೆಟ್ಟಲ್ಲಿ ಇಳಿಯೋ ಟೈಮ್ ಪಕ್ಕ ಚಿಕ್ಕದಾಗಿ ಪ್ಲಸ್ 2, ಅಂದ್ರೆ ಎರಡು ದಿನ ಆದ್ಮೇಲಿನ ತಾರೀಖು, ಅಂತ ಇದ್ದಿದ್ದನ್ನ ನೋಡೇ ಇರ್ಲಿಲ್ಲ. ಬಸ್ಸಿನ ದುಡ್ಡು ಹೋಯ್ತು. ಅಪ್ಪ ಬೈಲಿಲ್ಲ, "ದಿನರೇಖೆ ಪಾಠದಲ್ಲಿ ನೀನು ಆಬ್ಸೆಂಟ್ ಇದ್ದೆ ಅನ್ಸುತ್ತೆ" ಅಂದ್ರು, ಅದಕ್ಕಿಂತ ಬೈದಿದ್ರೇ ಚೆನ್ನಾಗಿತ್ತು.

ಅಮ್ಮನ ಚಿಂತೆ ಬೇರೆ. 15 ಶುಕ್ರವಾರ ಕಾರ್ತಿಕ ಹುಣ್ಣಿಮೆ. ಪ್ರತಿ ವರ್ಷ ಸಂಜೆ ದೀಪ ಹಚ್ತಾಳೆ, ಈ ಸಲ ಎಲ್ಲಿ? ಅಕ್ಕನ ಕಣ್ಣಲ್ಲಿ ನೀರು, ಅಮ್ಮನ ಕಣ್ಣಲ್ಲೂ ನೀರು, ಅದರ ಮಧ್ಯೆ ಈ ಪ್ರಶ್ನೆ.

ರಾತ್ರಿ 9.10ಕ್ಕೆ ಟೇಕಾಫ್. ವಾಚಲ್ಲಿ 10.40, ಶುಕ್ರವಾರ ಬೆಳಗ್ಗೆ.

ಶುಕ್ರವಾರ, ನವೆಂಬರ್ 15 (ನೆಲದ ಮೇಲೆ ಇಲ್ಲ)

ವಾಪಸ್ ಬರೋವಾಗ ಜೆಟ್ ಸ್ಟ್ರೀಮ್ ಎದುರಿಗೆ ಈಜಬೇಕು, ಅದಕ್ಕೆ ಅದನ್ನ ತಪ್ಪಿಸಿ ಮೇಲಕ್ಕೆ ಹೋಗ್ತಾರೆ. ಮ್ಯಾಪಲ್ಲಿ ಬಾಣ ಕೆನಡಾ ಮೇಲಿಂದ ನೆಟ್ಟಗೆ ಉತ್ತರಕ್ಕೆ. ಅಪ್ಪ ನೋಟ್ ಬುಕ್ ತೆಗೆದು ಒಂದೇ ಕೂಡೋ ಲೆಕ್ಕ ತೋರಿಸಿದ್ರು. ಸ್ಯಾನ್ ಫ್ರಾನ್ಸಿಸ್ಕೋ 37.6 ಡಿಗ್ರಿ ಉತ್ತರ, ಅಲ್ಲಿಂದ ಧ್ರುವಕ್ಕೆ 52.4. ಬೆಂಗಳೂರು ಏರ್ಪೋರ್ಟು 13.2, ಧ್ರುವದಿಂದ ಅಲ್ಲಿಗೆ 76.8. ಕೂಡಿದ್ರೆ 129.2, ಒಂದು ಡಿಗ್ರಿಗೆ 111 ಕಿಲೋಮೀಟರ್, ಸುಮಾರು 14,340. ಅಂದ್ರೆ ಧ್ರುವದ ತಲೆ ಮೇಲೆ ಹತ್ತಿ ಇಳಿದ್ರೂ ಬಿಗಿ ದಾರಕ್ಕಿಂತ 350 ಕಿಲೋಮೀಟರ್ ಮಾತ್ರ ಜಾಸ್ತಿ. ಎರಡೂ ಊರು ಭೂಮಿಯ ಆಕಡೆ ಈಕಡೆ ಹೆಚ್ಚುಕಮ್ಮಿ ಎದುರುಬದುರು ಇರೋದ್ರಿಂದ ಹೀಗೆ. ಈ ಒಂದು ಪುಟಕ್ಕೋಸ್ಕರ ಅವ್ರು ಅಮೆರಿಕಕ್ಕೆ ಬಂದಿದ್ದು ಅಂತ ನಂಗೆ ಅನ್ನಿಸ್ತು.

ವೇಗ 850ರ ಆಸುಪಾಸು, 1,080 ಎಲ್ಲಾ ಕನಸು. ಅಪ್ಪ ಗಗನಸಖಿಗೆ ಇಂಧನ ಹೆಪ್ಪುಗಟ್ಟಲ್ವಾ ಅಂತ ಕೇಳಿ ಆ ಹುಡುಗಿ ನಕ್ಕು ಜ್ಯೂಸ್ ಕೊಟ್ಟು ಹೋದ್ಲು. ಪ್ರಶ್ನೆ ಏನೂ ದಡ್ಡತನದ್ದಲ್ಲ, ವಿಮಾನದ ಇಂಧನದಲ್ಲಿ ಒಂದು ಬಗೇದು ಮೈನಸ್ 40ಕ್ಕೆ, ಇನ್ನೊಂದು ಮೈನಸ್ 47ಕ್ಕೆ ಗಟ್ಟಿಯಾಗೋಕೆ ಶುರು, ಪೈಲಟ್‌ಗಳು ಈ ದಾರೀಲಿ ಟ್ಯಾಂಕಿನ ಉಷ್ಣತೆ ನೋಡ್ತಾನೇ ಇರ್ತಾರೆ, ಇಳೀತಾ ಬಂದ್ರೆ ವೇಗಾನೋ ಎತ್ತರಾನೋ ಬದಲಾಯಿಸ್ತಾರೆ. ದಿಕ್ಸೂಚಿ ಮುಳ್ಳೂ ಅಲ್ಲಿ ನಂಬೋ ಹಾಗಿಲ್ಲ.

ಕತ್ತಲು. ಕ್ಯಾಲಿಫೋರ್ನಿಯಾದ ರಾತ್ರೀಲಿ ಹೊರಟ್ವಿ, ಮೇಲೆ ಧ್ರುವದಲ್ಲಿ ನವೆಂಬರಲ್ಲಿ ಸೂರ್ಯ ಹುಟ್ಟೋದೇ ಇಲ್ಲ, ಅದನ್ನ ದಾಟೋ ಹೊತ್ತಿಗೆ ಸೈಬೀರಿಯಾದಲ್ಲಿ ಸಂಜೆ ಮುಗಿದು ರಾತ್ರಿ. ಹದಿನೇಳು ಗಂಟೆ ಪೂರ್ತಿ ಒಂದೇ ರಾತ್ರಿ. ಹೊರಟಾಗ ಚಂದ್ರ ಬಲಗಡೆಯವರ ಕಿಟಕೀಲಿದ್ದ, ಅಮ್ಮಂದು ಈ ಸಲಾನೂ ಎಡಗಡೆ, ಅವಳಿಗೆ ರೆಕ್ಕೆ ತುದಿಯ ಲೈಟು ಬಿಟ್ರೆ ಏನೂ ಇಲ್ಲ. ಮ್ಯಾಪಲ್ಲಿ ಬಾಣ ಧ್ರುವದ ಪಕ್ಕದಲ್ಲೇ ಹಾದು ಮೂತಿ ಕೆಳಕ್ಕೆ ಮಾಡ್ತು, "ಇಲ್ಲಿಂದ ಯಾವ ಕಡೆ ಹೋದ್ರೂ ದಕ್ಷಿಣಾನೇ" ಅಂತ ಅಪ್ಪ ಹೇಳ್ತಿದ್ರು, ನಾನು ಅರೆನಿದ್ದೆ.

ಅಮ್ಮ ಜೋರಾಗಿ ತಿವಿದ್ಲು. ಎಡಗಡೆ ಕಿಟಕಿಗೆ ಚಂದ್ರ ಬಂದಿದ್ದ. ದುಂಡಗೆ, ಪೂರ್ತಿ. ಕೆಳಗೆ ಹಿಮದ ಬಯಲು ನೀಲಿ ಬೂದಿ ಬಣ್ಣಕ್ಕಿತ್ತು, ಅಲ್ಲಲ್ಲಿ ಕಪ್ಪು ಬಿರುಕು, ನಮ್ಮ ಕೆರೆ ಬೇಸಿಗೇಲಿ ಒಣಗಿ ಬಿರುಕು ಬಿಡುತ್ತಲ್ಲ ಹಾಗೆ. ಅಮ್ಮ ಗಾಜಿಗೆ ಹಣೆ ಆನಿಸಿ "ಟೈಮೆಷ್ಟು ರೀ" ಅಂದ್ಲು. ಅಪ್ಪ ಓದೋ ಲೈಟ್ ಹಾಕಿ ವಾಚ್ ನೋಡಿದ್ರು. 6 ಗಂಟೆ. ಊರಲ್ಲಿ ದೀಪ ಹಚ್ಚೋ ಹೊತ್ತು.

ಅಮ್ಮ ಆ ಓದೋ ಲೈಟನ್ನ ಆರಿಸೋಕೆ ಬಿಡ್ಲಿಲ್ಲ.

ಶನಿವಾರ, ನವೆಂಬರ್ 16

ಬೆಳಗಿನ ಜಾವ 4ಕ್ಕೆ ಬೆಂಗಳೂರು, 17 ಗಂಟೆ 20 ನಿಮಿಷ. ಗೋಡೆ ಗಡಿಯಾರವೂ ಎಚ್‌ಎಂಟಿಯೂ ಮತ್ತೆ ಒಂದೇ ಟೈಮಿಗೆ ಬಂದಿದ್ದು ನೋಡಿ ಅಪ್ಪ ವಾಚಿಗೆ ಕೀಲಿ ಕೊಟ್ರು. ಇನ್ನೊಂದ್ಸಲ ದುಡ್ಡು ಕೊಟ್ಟು ಫ್ಲೈಬಸ್. ಮೈಸೂರು ಮುಟ್ಟಿದಾಗ ಹತ್ತೂವರೆ.

ಮಂಗಳವಾರ, ನವೆಂಬರ್ 19

ರಾತ್ರಿ 2.40. ಅಡುಗೆ ಮನೇಲಿ ಲೈಟು ಉರೀತಿದೆ ಅಂತ ಎದ್ದು ಬಂದ್ರೆ ಅಪ್ಪ ಗ್ಲೋಬ್ ಮುಂದೆ ಕೂತಿದಾರೆ, ಸ್ಟೌ ಮೇಲೆ ಹಾಲು. ದಿನಕ್ಕೆ ಒಂದು ಗಂಟೆ ಲೆಕ್ಕದಲ್ಲಿ ಮೈ ಹೊಂದ್ಕೊಳ್ಳುತ್ತಂತೆ, ಹದಿಮೂರೂವರೆ ಗಂಟೆಗೆ ಎಷ್ಟು ದಿನ ಅಂತ ಬೆರಳು ಮಡಚ್ತಿದಾರೆ. "ವಿಮಾನ ಮೊನ್ನೆ ಬಂತು, ನಾವು ಇನ್ನೂ ರಷ್ಯಾ ಮೇಲೆಲ್ಲೋ ಇದೀವಿ ಕಣಪ್ಪ" ಅಂದ್ರು. ನಾನು ಲೋಟ ತೊಳೀತಿದ್ದೆ, ರೂಮಿಂದ ಅಮ್ಮನ ದನಿ ಬಂತು.

"ಕಾಫಿ ಮಾಡ್ತಿದ್ರೆ ನಂಗೂ ಒಂದರ್ಧ ಲೋಟ ಹಾಕ್ರೋ."